ಒಣಗದ ಕಾಯಿ ನೋಡಲು ಬರುವವನು

ತಿಪಟೂರು
೪ ಡಿಸೆಂಬರ್ ೧೯೭೭

ಪೂಜ್ಯ ಶ್ರೀರಂಗಯ್ಯ ಸರ್ ಅವರಿಗೆ, ಶಾಂತಕುಮಾರಿಯ ನಮಸ್ಕಾರಗಳು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷ ನಿಮ್ಮ ಹಿಂದೆ ನೋಟ್‌ಬುಕ್ ಹಿಡಿದು ಓಡಾಡಿದವಳು ಈಗ ಇಲ್ಲಿ ಒಬ್ಬಳೇ ಸಲಹಾ ಕೇಂದ್ರ ನಡೆಸುತ್ತಿದ್ದೇನೆ. ಕೇಂದ್ರ ಎಂದರೆ ಕೊಬ್ಬರಿ ಮಂಡಿಯ ಹಿಂದಿನ ಒಂದು ಕೋಣೆ, ಎರಡು ಕುರ್ಚಿ, ಬೀಗ ಹಾಕುವ ಒಂದು ಪೆಟ್ಟಿಗೆ. ತಿಂಗಳಿಗೊಂದು ವರದಿ ಬರೆಯಬೇಕೆಂದು ಹೇಳಿದ್ದಿರಿ, ಬರೆಯುತ್ತಿದ್ದೇನೆ.

ಈ ತಿಂಗಳು ಮುಖ್ಯವಾದದ್ದು ಒಂದೇ. ಹಂದನಕೆರೆಯಿಂದ ಎರಡು ಮೈಲಿ ಒಳಗಿನ ಹಳ್ಳಿಯ ಪ್ರೈಮರಿ ಶಾಲೆಯ ಮೇಷ್ಟ್ರು ಮರುಳಸಿದ್ದಯ್ಯ, ವಯಸ್ಸು ನಲವತ್ತೊಂದು. ಕಳೆದ ತಿಂಗಳು ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದುಕೊಂಡಿದ್ದಾರೆ. ಪೊಲೀಸರ ಹೆದರಿಕೆಗೆ ಆಸ್ಪತ್ರೆಯ ಚೀಟಿಯಲ್ಲಿ ಹೊಟ್ಟೆನೋವು ಎಂದು ಬರೆಸಿದ್ದಾರೆ. ಹೆಂಡತಿ ಗಿರಿಜಾಂಬಿಕಾ ನನಗೂ ಅದನ್ನೇ ಹೇಳಿದರು. "ಊಟ ಹೆಚ್ಚುಕಮ್ಮಿ ಆಗಿತ್ತು ಕಣ್ರೀ, ಅಷ್ಟೇಯ." ಆಸ್ಪತ್ರೆಯ ಡಾಕ್ಟರು ಗುಟ್ಟಾಗಿ ನನ್ನ ಕಿವಿಗೆ ಹಾಕದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೇಷ್ಟ್ರು ತಿಪಟೂರಿಗೆ ಬರಲು ಒಪ್ಪಲಿಲ್ಲ. ಪ್ರತಿ ಬುಧವಾರ ನಾನೇ ಬಸ್ಸು ಹಿಡಿದು ಹೋಗುತ್ತೇನೆ. ನನ್ನ ಬಿಳಿ ಸೀರೆ, ಕೈಯ ಬ್ಯಾಗು ನೋಡಿ ಊರಿನವರು ಆಪರೇಷನ್ ಅಮ್ಮ ಎಂದು ಹೆಸರಿಟ್ಟಿದ್ದಾರೆ. ಹೋದ ವರ್ಷದ ಸಂತಾನಹರಣ ಶಿಬಿರಗಳ ಭಯ ಇನ್ನೂ ಇಳಿದಿಲ್ಲ. ನಾನು ಬೀದಿಗೆ ಕಾಲಿಟ್ಟರೆ ಗಂಡಸರಿಗೆಲ್ಲ ತೋಟದಲ್ಲಿ ಕೆಲಸ ನೆನಪಾಗುತ್ತದೆ. ನಗು ಬರುತ್ತದೆ, ಬೇಜಾರೂ ಆಗುತ್ತದೆ.

ಮೂರು ವಾರದಿಂದ ಮೇಷ್ಟ್ರು "ಚೆನ್ನಾಗಿದೀನಿ" ಎನ್ನುವುದು ಬಿಟ್ಟು ಬೇರೆ ಮಾತಾಡಿಲ್ಲ. ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಮುಂದೇನು ಮಾಡಲಿ?

ಶಾಂತಕುಮಾರಿ

*

ಬೆಂಗಳೂರು
೧೦ ಡಿಸೆಂಬರ್ ೧೯೭೭

ಪ್ರಿಯ ಶಾಂತಕುಮಾರಿ ಅವರಿಗೆ,

ಮೊದಲು ಬಿಳಿ ಸೀರೆ ಬಿಡಿ, ಹೂವಿನ ಸೀರೆ ಉಡಿ. ಅದಕ್ಕೆ ನನ್ನ ಸಹಿ ಬೇಕಿಲ್ಲ.

ಚೆನ್ನಾಗಿದ್ದೇನೆ ಎನ್ನುವವರನ್ನು ನಂಬಬೇಡಿ. ಹೆಂಡತಿಯನ್ನೂ ನಂಬಬೇಡಿ. ಅವರು ಸುಳ್ಳು ಹೇಳುವ ಜನ ಎಂದಲ್ಲ. ಹೆದರಿದವರಿಗೆ ತಮಗೆ ಬೇಕಾದ್ದೇ ಕಾಣುತ್ತದೆ. ಈ ಕಸುಬಿನಲ್ಲಿ ಅನುಮಾನ ಇರಲೇಬೇಕು. ಆದರೆ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ನಮಗೇ ಅಜೀರ್ಣ. ಅದನ್ನು ಪ್ರಶ್ನೆ ಮಾಡಿ ಎದುರಿಗಿಡಬೇಕು.

ನೇರವಾಗಿ ಕೇಳಿ. ಸಾಯಬೇಕು ಅನ್ನಿಸುತ್ತದೆಯೇ ಎಂದು ಅದೇ ಮಾತಿನಲ್ಲಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಹೊಸಬರೆಲ್ಲ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರಾದರೂ ಕೇಳಲಿ ಎಂದೇ ಅವರು ಕೂತಿರುತ್ತಾರೆ.

ನೀವು ಹೇಗಿದ್ದೀರಿ ಎಂದು ವರದಿಯಲ್ಲಿಲ್ಲ. ಮುಂದಿನದರಲ್ಲಿ ಇರಲಿ.

ಶ್ರೀರಂಗಯ್ಯ

*

ತಿಪಟೂರು
೩ ಜನವರಿ ೧೯೭೮

ಪೂಜ್ಯ ಸರ್,

ಕೇಳಿದೆ. ಮೇಷ್ಟ್ರು ನೆಲ ನೋಡುತ್ತ, "ದಿನಾ ಅನ್ನಿಸ್ತದೆ" ಎಂದರು. ಆಮೇಲೆ ಮಾತು ನಿಲ್ಲಲಿಲ್ಲ.

ಎಪ್ಪತ್ತಾರರಲ್ಲಿ ಶಾಲೆ ಮೇಷ್ಟ್ರುಗಳೂ ಶಿಬಿರಕ್ಕೆ ಜನ ಕರೆತರಬೇಕಿತ್ತಲ್ಲ, ಇವರ ಪಾಲಿಗೆ ಐದು ಜನ. ತರದಿದ್ದರೆ ಸಂಬಳ ನಿಲ್ಲುತ್ತಿತ್ತು. ನಾಲ್ವರು ಸಿಕ್ಕರು. ಐದನೆಯವನು ದುರ್ಗಯ್ಯ, ಮನೆಮನೆಗೆ ಹೋಗಿ ತೆಂಗಿನಕಾಯಿ ಸುಲಿಯುವವನು. ಅವನಿಗೆ ಒಂದೇ ಮಗು, ಮಾಯಣ್ಣ. ಒಂದು ಮಗುವಿನವನನ್ನು ಶಿಬಿರದಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಮೇಷ್ಟ್ರು ಅರ್ಜಿಯಲ್ಲಿ ಮಕ್ಕಳು ಮೂರು ಎಂದು ಬರೆದರು. ಓದಲು ಬಾರದ ದುರ್ಗಯ್ಯ ಹೆಬ್ಬೆಟ್ಟು ಒತ್ತಿದ. ಕಳೆದ ಜೂನ್‌ನಲ್ಲಿ ಆ ಹುಡುಗ ಜ್ವರ ಬಂದು ತೀರಿಕೊಂಡ. ಆರು ವರ್ಷ. ಇವರ ಕೈಯಲ್ಲೇ ಅಕ್ಷರ ತಿದ್ದುತ್ತಿದ್ದನಂತೆ.

"ದುರ್ಗಯ್ಯ ನನ್ನ ಒಂದು ಮಾತೂ ಅನ್ಲಿಲ್ಲ ಕಣಮ್ಮ. ಬೈದಿದ್ರೆ ಬದುಕ್ಕೊತಿದ್ದೆ," ಎಂದು ಮೇಷ್ಟ್ರು ಅತ್ತರು. ನಾನೂ ಅಳುವವಳಿದ್ದೆ, ತಡೆದುಕೊಂಡೆ. ತಡೆದುಕೊಂಡದ್ದು ಸರಿಯೋ ತಪ್ಪೋ ತಿಳಿಯದು.

ಮನೆಯಲ್ಲಿದ್ದ ಅಪಾಯದ ವಸ್ತುಗಳನ್ನೆಲ್ಲ ಗಿರಿಜಾಂಬಿಕಾ ಅವರ ಕೈಯಲ್ಲಿ ಬೇರೆ ಮನೆಗೆ ಸಾಗಿಸಿದ್ದೇನೆ. ಮನಸ್ಸು ಕೆಟ್ಟಾಗ ಹೆಂಡತಿಯನ್ನು ಕೂಗಿ ಕರೆಯುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟಿದ್ದಾರೆ.

ಇನ್ನೊಂದು ವಿಷಯ ನನಗೆ ಸರಿ ಕಾಣುತ್ತಿಲ್ಲ. ಈ ದುರ್ಗಯ್ಯ ದಿನಾ ಆ ಮನೆಗೆ ಬರುತ್ತಾನೆ. ಅಂಗಳದ ಕಲ್ಲಿನ ಮೇಲೆ ಮಚ್ಚು ಮಡಿಲಲ್ಲಿಟ್ಟುಕೊಂಡು ಕೂರುತ್ತಾನೆ. ಕಣ್ಣು ಮೇಷ್ಟ್ರ ಕೋಣೆಯ ಕಿಟಕಿಯ ಮೇಲೆ. ಯಾಕೆ ಬಂದೆ ಎಂದರೆ "ಕಾಯಿ ನೋಡಕ್ಕೆ ಬಂದೆ" ಅನ್ನುತ್ತಾನಂತೆ.

ನಾನು ಚೆನ್ನಾಗಿದ್ದೇನೆ.

ಶಾಂತಕುಮಾರಿ

*

ಬೆಂಗಳೂರು
೯ ಜನವರಿ ೧೯೭೮

ಪ್ರಿಯ ಶಾಂತಕುಮಾರಿ ಅವರಿಗೆ,

ಒಳ್ಳೆಯ ಕೆಲಸ ಮಾಡಿದ್ದೀರಿ. ಕೊನೆಯ ಸಾಲು ಮಾತ್ರ ನಂಬಲಿಲ್ಲ.

ಕಾಯಿ ನೋಡುವುದು ಎಂದರೆ ಏನು? ನನಗೆ ತೆಂಗಿನಕಾಯಿಯ ಪರಿಚಯ ಚಟ್ನಿಯಿಂದ ಈಚೆಗೆ ಮಾತ್ರ. ಆ ಮನುಷ್ಯನ ಮೇಲೆ ನಿಮಗೇಕೆ ಸಂಶಯ ಬಂತೆಂದು ಬಿಡಿಸಿ ಬರೆಯಿರಿ. ಅಲ್ಲಿಯವರೆಗೆ ಅವಸರ ಬೇಡ.

ಶ್ರೀರಂಗಯ್ಯ

*

ತಿಪಟೂರು
೨೯ ಜನವರಿ ೧೯೭೮

ಪೂಜ್ಯ ಸರ್,

ಬಿಡಿಸಿಯೇ ಬರೆಯುತ್ತೇನೆ. ನಮ್ಮ ಕಡೆ ಕಾಯಿ ಕೆಡವಿ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಸುಲಿಯುವವನನ್ನು ಕರೆಯುವುದು ಆಗ. ಮೇಷ್ಟ್ರ ಮನೆಯ ಅಟ್ಟ ಇರುವುದು ಕೊಟ್ಟಿಗೆಯ ಮೇಲೆ. ಅಲ್ಲಿಗೆ ಕಾಯಿ ಏರಿದ್ದು ಕಳೆದ ಗೌರಿ ಹಬ್ಬ ಕಳೆದ ಮೇಲೆ. ಬರುವ ಶ್ರಾವಣದವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ನಾನು ತುರುವೇಕೆರೆಯ ತೋಟದ ಮನೆಯಲ್ಲಿ ಹುಟ್ಟಿದವಳು ಸರ್. ಒಣಗದ ಕಾಯಿಯ ಮನೆಯಲ್ಲಿ ಸುಲಿಯುವವನಿಗೆ ಏನು ಕೆಲಸ?

ಆದರೂ ದಿನಾ ಏಣಿ ಹತ್ತಿ ನಾಲ್ಕು ಕಾಯಿ ಅಲ್ಲಾಡಿಸಿದ ಹಾಗೆ ಮಾಡಿ ಇಳಿಯುತ್ತಾನೆ. ಆಮೇಲೆ ಕಲ್ಲಿನ ಮೇಲೆ ಕೂತು ಕಿಟಕಿ ನೋಡುತ್ತಾನೆ. ಮೇಷ್ಟ್ರು ಒಳಗಿನಿಂದ ಇವನನ್ನೇ ನೋಡುತ್ತಾರೆ. ಇಬ್ಬರಲ್ಲಿ ಮಾತಿಲ್ಲ. ಇದು ಸೇಡು ಅಲ್ಲದೆ ಮತ್ತೇನು? ಮಗನನ್ನು ಕಳೆದುಕೊಂಡವನು ಮೇಷ್ಟ್ರ ಕೊನೆ ನೋಡಲು ಕೂತಿದ್ದಾನೆ ಎಂದು ನನಗೆ ಖಾತ್ರಿಯಾಗಿದೆ.

ನನ್ನ ವಿಷಯ ಕೇಳಿದ್ದೀರಿ. ಈಗ ಯಾರ ಮಾತು ಕೇಳಿದರೂ ಅದರ ಹಿಂದೆ ಏನಿದೆ ಎಂದು ಹುಡುಕುತ್ತೇನೆ. ನನ್ನ ಮನೆಯ ಒಡತಿ ದ್ರಾಕ್ಷಾಯಣಮ್ಮ ಮೊನ್ನೆ ಪಾತ್ರೆ ತೊಳೆಯುತ್ತಾ "ಎಲ್ಲಾ ಮುಗೀತು ಬುಡು" ಎಂದರು. ಎದುರಿಗೆ ಕೂತು ಅರ್ಧ ಗಂಟೆ ಪ್ರಶ್ನೆ ಕೇಳಿದೆ. ಅವರು ಹೇಳಿದ್ದು ಸೀಮೆಎಣ್ಣೆಯ ವಿಷಯ. ಬುಧವಾರ ಬಸ್ಸು ಹಳ್ಳಿಯ ತಿರುವಿಗೆ ಬರುವಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮೇಷ್ಟ್ರ ಮನೆ ಮುಂದೆ ಜನ ಸೇರಿದ್ದಾರೆಯೇ ಎಂದು ನೋಡುತ್ತೇನೆ.

ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ. ಕಳೆದ ವಾರ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಆಗುವುದಿದ್ದರೆ ಆಗಿಹೋಗಲಿ, ನಾನಾದರೂ ನಿದ್ದೆ ಮಾಡುತ್ತೇನೆ ಎಂದು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಂಥವಳು ಈ ಕೆಲಸ ಮಾಡಬಹುದೇ?

ಶಾಂತಕುಮಾರಿ

*

ಬೆಂಗಳೂರು
೪ ಫೆಬ್ರವರಿ ೧೯೭೮

ಪ್ರಿಯ ಶಾಂತಾ,

ಆ ಯೋಚನೆ ನನಗೆ ಬಂದಿದೆ. ಒಂದು ಸಲ ಅಲ್ಲ, ಬಹಳ ಸಲ. ಈ ಕೆಲಸ ಮಾಡುವ ಯಾರನ್ನೇ ಕೇಳಿ, ನಿಜ ಹೇಳುವ ಧೈರ್ಯವಿದ್ದರೆ ಹೌದು ಅನ್ನುತ್ತಾರೆ. ಅದು ನಿಮ್ಮ ದುಷ್ಟತನ ಅಲ್ಲ, ಸುಸ್ತು. ಒಂದು ಬುಧವಾರ ರಜೆ ತೆಗೆದುಕೊಂಡು ತುರುವೇಕೆರೆಗೆ ಹೋಗಿ ಅಮ್ಮನ ಕೈಯ ಮುದ್ದೆ ಉಂಡು ಬನ್ನಿ. ಆ ವಾರ ಡಾಕ್ಟರು ಒಮ್ಮೆ ಮೇಷ್ಟ್ರನ್ನು ನೋಡಿ ಬರಲಿ.

ಈಗ ದುರ್ಗಯ್ಯ. ಅವನು ಯಾಕೆ ಬರುತ್ತಾನೆಂದು ನೀವು ಅವನನ್ನೇ ಕೇಳಿದಿರಾ? ಕಾಯಿಯ ಲೆಕ್ಕ, ಏಣಿ, ಮಚ್ಚು ಎಲ್ಲ ಬರೆದಿದ್ದೀರಿ. ಅವನ ಮನೆಯಲ್ಲಿ ಯಾರಿದ್ದಾರೆ, ರಾತ್ರಿ ಏನು ಉಣ್ಣುತ್ತಾನೆ, ಒಂದು ಸಾಲೂ ಇಲ್ಲ. ಮಗು ಸತ್ತದ್ದು ಅವನದು. ಕೇಳುವವರೆಗೆ ಅಲ್ಲಿ ಏನನ್ನೂ ಕದಲಿಸಬೇಡಿ. ಇದನ್ನು ಯಾಕಿಷ್ಟು ಒತ್ತಿ ಹೇಳುತ್ತೇನೆ ಎಂಬುದಕ್ಕೆ ಕಾರಣವಿದೆ, ಅದು ಇನ್ನೊಮ್ಮೆ.

ಶ್ರೀರಂಗಯ್ಯ

*

ತಿಪಟೂರು
೧೨ ಫೆಬ್ರವರಿ ೧೯೭೮

ಪೂಜ್ಯ ಸರ್,

ನಿಮ್ಮ ಕಾಗದ ಗುರುವಾರ ಕೈ ಸೇರಿತು. ಧೈರ್ಯ ಬಂತು.

ಮೇಷ್ಟ್ರ ಸ್ಥಿತಿ ಸಮಾಧಾನಕರ. ಎರಡು ಹೊತ್ತು ಊಟ ಮಾಡುತ್ತಿದ್ದಾರೆ. ದುರ್ಗಯ್ಯ ಈಗ ಬರುವುದಿಲ್ಲ. ಅವಕಾಶ ಸಿಕ್ಕಾಗ ಅವನನ್ನು ವಿಚಾರಿಸುತ್ತೇನೆ. ತುರುವೇಕೆರೆಗೆ ಮುಂದಿನ ತಿಂಗಳು ಹೋಗಬೇಕೆಂದಿದ್ದೇನೆ. ವಿಶೇಷವೇನೂ ಇಲ್ಲ.

ಶಾಂತಕುಮಾರಿ

*

ಬೆಂಗಳೂರು
೧೬ ಫೆಬ್ರವರಿ ೧೯೭೮

ಪ್ರಿಯ ಶಾಂತಾ,

ಎರಡು ಪುಟ ಬರೆಯುವವರು ಏಳು ಸಾಲಿಗೆ ನಿಲ್ಲಿಸಿದ್ದೀರಿ. ಸಮಾಧಾನಕರ ಎಂಬ ಮಾತು ಸರ್ಕಾರಿ ಕಡತದ್ದು, ನಿಮ್ಮದಲ್ಲ.

ದುರ್ಗಯ್ಯ ತಾನಾಗಿ ಬಿಟ್ಟನೋ, ನೀವು ಬಿಡಿಸಿದಿರೋ? ಉತ್ತರಕ್ಕೆ ಬುಧವಾರದವರೆಗೆ ಕಾಯಬೇಡಿ. ನಾಳೆಯೇ ಹೋಗಿ ಅವನನ್ನು ನೋಡಿ.

ಶ್ರೀರಂಗಯ್ಯ

*

ತಿಪಟೂರು
೨೪ ಫೆಬ್ರವರಿ ೧೯೭೮

ಸರ್,

ನಾನೇ ಬಿಡಿಸಿದ್ದು. ಎಂಟನೇ ತಾರೀಖು ಬುಧವಾರ, ಗಿರಿಜಾಂಬಿಕಾ ಅವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅವನಿಗೆ ಹೇಳಿದೆ. ಕಾಯಿ ಒಣಗಿದಾಗ ಕರೆಸುತ್ತೇವೆ, ಅಲ್ಲಿಯವರೆಗೆ ಈ ಮನೆ ಕಡೆ ಬರಬೇಡ ಎಂದೆ. "ಆಯ್ತು ಕಣವ್ವ" ಎಂದು ಎದ್ದು ಹೋದ. ಮಾರನೇ ದಿನ ನಿಮ್ಮ ಕಾಗದ ಬಂತು. ಓದಿ, ತಪ್ಪು ಮಾಡಿದೆ ಎಂದು ಗೊತ್ತಾಗಿಯೂ ಮುಚ್ಚಿಟ್ಟೆ. ನಿಮ್ಮ ಮುಂದೆ ಹೇಳಲು ನಾಚಿಕೆಯಾಯಿತು.

ಹದಿನೈದರಂದು ಹೋದಾಗ ಮೇಷ್ಟ್ರು ಎರಡು ಸಲ "ದುರ್ಗಯ್ಯ ಬರ್ಲಿಲ್ವಾ?" ಎಂದು ಕೇಳಿದರು. ಮಾತು ಬದಲಾಯಿಸಿದೆ. ನಿಮ್ಮ ಕೊನೆಯ ಕಾಗದ ಸೋಮವಾರ ಬಂತು. ಮಂಗಳವಾರವೇ ಹೋಗಬಹುದಿತ್ತು. ಹೇಗೂ ನಾಳೆ ಬುಧವಾರ ಎಂದು ಕೂತೆ.

ಮೊನ್ನೆ ಬಸ್ಸು ತಿರುವಿಗೆ ಬಂದಾಗ ಜನ ಸೇರಿದ್ದರು. ಗಿರಿಜಾಂಬಿಕಾ ಎದುರಿಗೆ ಓಡಿಬಂದು, "ಬೆಳಿಗ್ಗೆಯಿಂದ ಇವ್ರಿಲ್ಲ ಕಣ್ರೀ, ಚಪ್ಲಿನೂ ಇಲ್ಲೇ ಅವೆ" ಎಂದರು. ಬಾವಿ, ಕೆರೆ, ತೋಟ, ಎಲ್ಲ ಕಡೆ ಹುಡುಕಿಸಿದೆ. ಕೆರೆ ಏರಿಯ ಮೇಲೆ ನಿಂತು ನೀರು ನೋಡುತ್ತಾ ಮನಸ್ಸಿನಲ್ಲಿ ನಿಮಗೆ ಬರೆಯಬೇಕಾದ ಕಾಗದ ಬರೆಯುತ್ತಿದ್ದೆ. ಅದರಲ್ಲಿ ತಪ್ಪು ನನ್ನದಲ್ಲ ಎಂದು ಕಾಣುವ ಹಾಗೆ ಮಾತು ಜೋಡಿಸುತ್ತಿದ್ದೆ. ಇದನ್ನೂ ನೀವು ತಿಳಿದಿರಬೇಕು.

ಮೇಷ್ಟ್ರು ಸಿಕ್ಕಿದ್ದು ದುರ್ಗಯ್ಯನ ಕೇರಿಯಲ್ಲಿ. ಅವರು ಆ ಕೇರಿಗೆ ಮೊದಲು ಕಾಲಿಟ್ಟದ್ದು ಒಂದೇ ಸಲವಂತೆ, ಶಿಬಿರಕ್ಕೆ ಹೆಸರು ಬರೆದುಕೊಳ್ಳಲು. ಈಗ ಅವನ ಗುಡಿಸಲ ಮುಂದೆ ನೆಲದ ಮೇಲೆ ಕೂತಿದ್ದರು. ಬಾಗಿಲು ಮುಚ್ಚಿತ್ತು. ಮೂರು ದಿನದಿಂದ ಅವನು ಹೊರಗೆ ಬಂದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಹೆಂಡತಿ ಪುಟ್ಟಗಂಗಮ್ಮ ಮಗ ಸತ್ತ ತಿಂಗಳೊಳಗೆ ತವರಿಗೆ ಹೋದವಳು ತಿರುಗಿ ಬಂದಿಲ್ಲ. ನನಗೆ ಇದು ಗೊತ್ತಿರಲಿಲ್ಲ.

ಮೇಷ್ಟ್ರು ಬಾಗಿಲಿನ ಕಡೆ ಮುಖ ಮಾಡಿ ಒಂದೇ ಮಾತು ಹೇಳುತ್ತಿದ್ದರು. "ಕಾಯಿ ನೋಡಕ್ಕೆ ಯಾಕೆ ಬರ್ಲಿಲ್ಲ ದುರ್ಗಯ್ಯ? ಬಾರಪ್ಪ." ಜನ ಅವರನ್ನು ಎಬ್ಬಿಸಿಕೊಂಡು ಹೋಗಲು ನೋಡಿದರು. ನಾನು ಬೇಡ ಎಂದು ಪಕ್ಕದಲ್ಲಿ ಕೂತೆ. ಒಬ್ಬನನ್ನು ಹಿಂದಿನ ಸಂದಿಗೆ ಕಳಿಸಿ ನೋಡಿಸಿದೆ. ಉಸಿರಾಡ್ತಾವ್ನೆ, ಗೋಡೆ ಕಡೆ ತಿರುಗಿ ಮಲಗವ್ನೆ ಎಂದ. ಬಾಗಿಲು ತೆರೆದದ್ದು ಮಧ್ಯಾಹ್ನ. ನಿಲ್ಲಲು ಶಕ್ತಿಯಿರಲಿಲ್ಲ, ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತ.

ನೀರು ಕುಡಿಸಿದ ಮೇಲೆ ಕೇಳಿದೆ. ಎರಡು ತಿಂಗಳ ಹಿಂದೆ ಕೇಳಬೇಕಾದ್ದನ್ನು ಈಗ ಕೇಳಿದೆ, ಯಾಕೆ ಆ ಮನೆಗೆ ಬರ್ತಿದ್ದೆ ಎಂದು. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅವತ್ತು ಕೊಟ್ಟಿಗೇಲಿ ಮೇಷ್ಟ್ರನ್ನ ಮೊದ್ಲು ನೋಡಿ ಕೂಗ್ಕೊಂಡೋನು ನಾನೇ ಕಣವ್ವ. ನನ್ ಮಗಂಗೋಸ್ಕರ ಸಾಯಕ್ಕೋಗವ್ರೆ ಅಂತ ಗೊತ್ತಾಯ್ತು. ಇಡೀ ಊರಲ್ಲಿ ಮಾಯಣ್ಣನ್ನ ನೆನೆಸ್ಕೊಂಡು ಅಷ್ಟು ಸಂಕ್ಟ ಪಡೋರು ಇನ್ಯಾರವ್ರೆ? ಅವ್ರೂ ಹೋಗ್ಬುಟ್ರೆ ಅವ್ನು ಪೂರ್ತಿ ಹೋದಂಗೇ. ಅದ್ಕೆ ದಿನಾ ಹೋಗಿ, ಅವ್ರೆ ಅಂತ ನೋಡ್ಕಂಡು ಬತ್ತಿದ್ದೆ. ಅವ್ರು ಇದ್ರೆ ನಾನೂ ಒಂದಿನ ಇರಬೋದು ಅನ್ಸದು. ನೀವು ಬ್ಯಾಡ ಅಂದ್ರಿ. ಮನೇಲಿ ಒಬ್ನೇ ಕೂತ್ರೆ ಒಳ್ಳೇ ಬುದ್ಧಿ ಬರಲ್ಲ ಕಣವ್ವ."

ಯಾಕೆ ಹೇಳಲಿಲ್ಲ ಎಂದೆ.

"ನೀವು ಕೇಳ್ಲಿಲ್ವಲ್ಲ," ಎಂದ.

ಅದೇ ಸಂಜೆ ದುರ್ಗಯ್ಯನನ್ನು ಆಸ್ಪತ್ರೆಗೆ ಸೇರಿಸಿದೆವು. ಮೇಷ್ಟ್ರು ಬರಿಗಾಲಲ್ಲೇ ಬಸ್ಸು ಹತ್ತಿ ಜೊತೆಗೆ ಬಂದರು. ನಾನು ರಾಜೀನಾಮೆ ಬರೆದಿಟ್ಟಿದ್ದೇನೆ. ಕಳಿಸಲೇ?

ಶಾಂತಕುಮಾರಿ

*

ಬೆಂಗಳೂರು
೧ ಮಾರ್ಚ್ ೧೯೭೮

ಶಾಂತಾ,

ರಾಜೀನಾಮೆ ಕಳಿಸಬೇಡಿ. ಕಳಿಸಬೇಕಾದವನು ನಾನು, ಹದಿನಾಲ್ಕು ವರ್ಷ ತಡವಾಗಿದೆ.

ಅರವತ್ತನಾಲ್ಕರಲ್ಲಿ ನನ್ನ ವಾರ್ಡಿನಲ್ಲಿ ಒಬ್ಬ ಹುಡುಗನಿದ್ದ. ನಿಮ್ಮ ಮೇಷ್ಟ್ರ ಹಾಗೇ ಉಳಿದುಕೊಂಡು ಬಂದವನು. ಅವನ ಗೆಳೆಯನೊಬ್ಬ ದಿನಾ ಬಂದು ಮಂಚದ ಪಕ್ಕ ಸುಮ್ಮನೆ ಕೂರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಇವನೇ ಹುಡುಗನ ತಲೆ ಕೆಡಿಸುತ್ತಿದ್ದಾನೆ ಎಂದು ನನಗೆ ಅನುಮಾನ. ಬರಬೇಡ ಎಂದೆ. ಆರನೇ ದಿನ ಹುಡುಗ ಪ್ರಾಣ ಕಳೆದುಕೊಂಡ. ವರದಿಯಲ್ಲಿ ಗೆಳೆಯನ ವಿಷಯ ನಾನು ಬರೆಯಲೇ ಇಲ್ಲ. ಯಾರಿಗೂ ಹೇಳಿಲ್ಲ.

ನಿಮ್ಮ ಜನವರಿಯ ಮೊದಲ ಕಾಗದ ಓದಿದಾಗಲೇ ಅದು ಕಣ್ಣ ಮುಂದೆ ಬಂತು. ಕಾರಣ ಇನ್ನೊಮ್ಮೆ ಹೇಳುತ್ತೇನೆ ಎಂದು ಜಾರಿಕೊಂಡೆ. ಶಿಷ್ಯೆಯ ಮುಂದೆ ಸಣ್ಣವನಾಗಲು ಮನಸ್ಸಾಗಲಿಲ್ಲ. ನಿಮ್ಮ ದುರ್ಗಯ್ಯನಿಗೆ ಏನಾದರೂ ಆಗಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತಿತ್ತು.

ಶ್ರೀ

*

ತಿಪಟೂರು
೮ ಮಾರ್ಚ್ ೧೯೭೮

ಸರ್,

ಜನವರಿಯಲ್ಲೇ ಬರೆದಿದ್ದರೆ ನಾನು ದುರ್ಗಯ್ಯನವರನ್ನು ಆ ಮನೆಯಿಂದ ಕಳಿಸುತ್ತಿರಲಿಲ್ಲ. ಎರಡು ದಿನ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಉತ್ತರ ಬರೆಯಲಿಲ್ಲ. ಸಿಟ್ಟು ಈಗಲೂ ಇದೆ. ಇದೆ ಎಂದು ನಿಮಗೆ ಹೇಳದೆ ಇದ್ದರೆ ಮತ್ತೆ ಹಳೆಯದೇ ಆಗುತ್ತದೆ, ಅದಕ್ಕೆ ಬರೆದೆ.

ರಾಜೀನಾಮೆ ಹರಿದಿದ್ದೇನೆ. ದುರ್ಗಯ್ಯನವರು ಮನೆಗೆ ಬಂದಿದ್ದಾರೆ. ಅವರ ಹೆಸರಿಗೆ ಬೇರೆ ಕಡತ ತೆರೆದಿದ್ದೇನೆ. ಪುಟ್ಟಗಂಗಮ್ಮನನ್ನು ನೋಡಲು ಅವಳ ತವರು ಕೆಂಕೆರೆಗೆ ಹೋಗಿದ್ದೆ. ಬಾಗಿಲು ತೆರೆದಳು, ಮಾತಾಡಲಿಲ್ಲ. ಮತ್ತೆ ಹೋಗುತ್ತೇನೆ. ಮೇಷ್ಟ್ರು ಮಕ್ಕಳು ಮೂರು ಎಂದು ಬರೆದ ವಿಷಯವನ್ನು ತಮ್ಮ ಬಾಯಿಂದಲೇ ದುರ್ಗಯ್ಯನವರಿಗೆ ಹೇಳಿದರು. ಅಂದು ದುರ್ಗಯ್ಯನವರು ಬೈದರು. ಬಹಳ ಬೈದರು, ಅಳುತ್ತಾ ಬೈದರು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನ ಬಂದು ಕಲ್ಲಿನ ಮೇಲೆ ಕೂತರು. ಇಬ್ಬರೂ ಇನ್ನೂ ಅಪಾಯ ದಾಟಿಲ್ಲ. ಇಬ್ಬರನ್ನೂ ಪ್ರತಿ ವಾರ ಕೇಳುತ್ತೇನೆ, ಇಬ್ಬರೂ ನಿಜ ಹೇಳುತ್ತಿದ್ದಾರೆ ಎಂದು ನನಗೀಗ ಅನ್ನಿಸುತ್ತದೆ.

ಆ ಹುಡುಗನ ಹೆಸರು ಬರೆಯಿರಿ ಸರ್. ಹದಿನಾಲ್ಕು ವರ್ಷ ನೀವೊಬ್ಬರೇ ನೆನೆಸಿಕೊಂಡಿದ್ದೀರಿ.

ಶಾಂತಾ

*

ಬೆಂಗಳೂರು
೧೩ ಮಾರ್ಚ್ ೧೯೭೮

ಶಾಂತಾ,

ತೋಂಟದಾರ್ಯ. ಇಪ್ಪತ್ತೊಂದು ವರ್ಷ. ಹಾಲ್ಕುರಿಕೆಯವನು, ನಿಮ್ಮ ಬಸ್ಸಿನ ದಾರಿಯಿಂದ ದೂರವಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದ. ಮಜ್ಜಿಗೆಗೆ ಉಪ್ಪು ಹಾಕಿದರೆ ಕುಡಿಯುತ್ತಿರಲಿಲ್ಲ.

ದಿನಾ ಬಂದು ಪಕ್ಕದಲ್ಲಿ ಕೂರುತ್ತಿದ್ದವನು ಆಮೇಲೆ ಏನಾದನೋ ನನಗೆ ಗೊತ್ತಿಲ್ಲ. ಅವನ ಹೆಸರನ್ನು ನಾನು ಕೇಳಿರಲಿಲ್ಲ.

ಶ್ರೀರಂಗಯ್ಯ